ಕೂಸಿನ ಕೌದಿಗೆ ಹಳೇ ಸೀರೆ

೩ ಮಾರ್ಚ್ ೧೯೯೮, ಕೊಟ್ಟೂರು

ಹೊಲಿದ ಕೌದಿ ಮತ್ತೆ ಬಿಚ್ಚಿದೆ. ಅಂಗಡಿಯ ಹೊಸ ಕಾಟನ್ ಎಷ್ಟು ಒಗೆದರೂ ಒರಟು. ಕಾನ್ವೆಂಟಿನಲ್ಲಿ ಕಲಿತ ಎಂಬ್ರಾಯ್ಡರಿ ಇಲ್ಲಿ ಉಪಯೋಗಕ್ಕಿಲ್ಲ. ಕೂಸಿನ ಕೌದಿಗೆ ಹಳೇ ಸೀರೆಯೇ ಆಗಬೇಕು, ಅದೂ ಮನೆಯ ಹಿರಿಯರು ಉಟ್ಟು ಮೆತ್ತಗಾದದ್ದು. ಅತ್ತೆಯ ಟ್ರಂಕಿನಲ್ಲಿ ಅಂಥವು ರಾಶಿ. ಕೇಳಲು ಯಾಕಿಷ್ಟು ಹಿಂಜರಿಕೆ? ಕೂಸನ್ನು ದತ್ತು ತರುವುದು ಬೇಡ ಎಂದು ಅವರು ಬಾಯಿ ಬಿಟ್ಟು ಹೇಳಿಲ್ಲ. ಬೇಕು ಎಂದೂ ಹೇಳಿಲ್ಲ.

೫ ಮಾರ್ಚ್

ಕೇಳಿದೆ. ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಇನ್ನೂ ಮಕಾ ನೋಡಿಲ್ಲ. ಯಾರದೋ ಏನೋ. ಅದಕ್ಕ ನಮ್ಮತ್ತಿ ಉಟ್ಟ ಸೀರಿ ಹರೀಲೇನು?”

“ನಿಮ್ಮದ ಒಂದು ಕೊಡ್ರಿ, ಸಾಕು.”

“ನೋಡೋಣು.”

ನೋಡೋಣ ಎಂದರೆ ಇಲ್ಲ. ಈ ಮನೆಗೆ ಬಂದು ಕಲಿತ ಮೊದಲ ಪಾಠ. ಇವರಿಗೆ ಹೇಳಿದರೆ, “ಅವ್ವನ ಸಂಗಡ ನೀನ ಮಾತಾಡು” ಎಂದು ಚಪ್ಪಲಿ ಮೆಟ್ಟಿದರು.

೧೧ ಮಾರ್ಚ್, ಮಧ್ಯಾಹ್ನ

ನಾನು ಬ್ಯಾಂಕಿಗೆ ಹೋದಾಗ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದಿದ್ದಳಂತೆ. ಟ್ರಂಕು ಖಾಲಿ. ಅಡುಗೆಮನೆಯಲ್ಲಿ ಹೊಸ ಸ್ಟೀಲ್ ಕೊಡ.

“ಹಳೇ ಅರಿವಿ ಇಟ್ಕೊಂಡು ಏನ್ ಮಾಡೋದು? ಇದು ನೋಡು, ಗಟ್ಟಿ ಐತಿ.” ಬೆರಳಿನಿಂದ ಬಡಿದು ತೋರಿಸಿದರು.

ಕೊಡಕ್ಕೆ ನೀರು ತುಂಬಿಟ್ಟೆ. ನನಗೆ ಬೇಕಾದದ್ದು ಬಟ್ಟೆಯೋ, ಅವರ ಒಪ್ಪಿಗೆಯೋ? ಬಟ್ಟೆಯಾದರೆ ಎಲ್ಲಾದರೂ ಸಿಗುತ್ತದೆ.

೧೪ ಮಾರ್ಚ್

ಸಿಕ್ಕಿತು. ಪಕ್ಕದ ಮನೆಯ ಉಚ್ಚಂಗೆಮ್ಮ ತಾವಾಗಿಯೇ ಎರಡು ಸೀರೆ ತಂದುಕೊಟ್ಟರು.

“ನನ್ನ ಮಕ್ಕಳನ್ನೆಲ್ಲ ಇದರಾಗ ಸುತ್ತೀನಿ ನೋಡವ್ವ. ಒಂದಕ್ಕೂ ಚಳಿ ಆಗಲಿಲ್ಲ. ಈಗ ಒಬ್ರೂ ನನ್ನ ಮಾತು ಕೇಳಂಗಿಲ್ಲ. ಅದು ಸೀರಿ ತಪ್ಪಲ್ಲ ಬಿಡು.”

ಸೂಜಿ ಸಲೀಸಾಗಿ ಹೋಯಿತು. ಅತ್ತೆ ಅತ್ತಿಂದಿತ್ತ ಹಾದುಹೋದರು.

೨ ಏಪ್ರಿಲ್

ಬಳ್ಳಾರಿಯಿಂದ ಕರೆತಂದೆವು. ನಾಲ್ಕು ತಿಂಗಳ ಹುಡುಗಿ. ದಾರಿಯುದ್ದಕ್ಕೂ ಅಳು. ಅತ್ತೆ ಬಾಗಿಲಲ್ಲಿ ಆರತಿ ಎತ್ತಿದರು — ಓಣಿಯವರು ನಿಂತಿದ್ದರಲ್ಲ. ಕೂಸನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಕೌದಿಯ ಮೇಲೆ ಹಾಕಿದೆ. ನಿದ್ದೆ ಹೋದಳು.

೯ ಏಪ್ರಿಲ್, ಬೆಳಿಗ್ಗೆ

ಸ್ನಾನ ಮುಗಿಸಿ ಬಂದರೆ ಪಡಸಾಲೆಯಲ್ಲಿ ಕೌದಿ ಅರ್ಧ ಬಿಚ್ಚಿದೆ. ಅತ್ತೆ ಒಂದೊಂದೇ ಹೊಲಿಗೆ ಕೀಳುತ್ತಿದ್ದಾರೆ. ಪಕ್ಕದಲ್ಲಿ ಕೂಸು. ಮೈ ಉರಿಯಿತು.

“ಯಾಕ ಬಿಚ್ಚಿದ್ರಿ?”

“ನಮ್ಮನಿ ಕೂಸನ್ನ ಮಂದಿ ಸೀರಿ ಮ್ಯಾಲೆ ಮಲಗಸ್ತಾರೇನು? ನನ್ನ ಸೀರ್ಯಾಗ ಬೆಳಿಯಾಕತ್ತೈತಿ ಅಂತ ಓಣಿ ತುಂಬ ಹೇಳ್ಕೊಂತ ಅಡ್ಡಾಡ್ತಾಳ ಉಚ್ಚಂಗೆವ್ವ.”

“ನಾ ಕೇಳಿದಾಗ ನಿಮ್ಮವನ್ನ ಪಾತ್ರೆಯಾಕಿಗೆ ಕೊಟ್ರಿ.”

“ಕೊಟ್ಟೆ. ಉಡೋವು ಇಲ್ಲೇನು? ಕೂಸಿಗೆ ಒಂದು ಹರದ್ರ ಬತ್ತಲೆ ಇರ್ತೀನೇನು? ಕತ್ತರಿ ತಾ.”

ಕತ್ತರಿ ಕೊಟ್ಟು ಒಳಗೆ ಬಂದೆ. ಸಂತೋಷಪಡಬೇಕು. ಆಗುತ್ತಿಲ್ಲ. ಬಿಚ್ಚಿದ್ದು ನನ್ನ ಹೊಲಿಗೆ. ಉಚ್ಚಂಗೆಮ್ಮನಿಗೆ ಯಾವ ಮುಖ ತೋರಿಸಲಿ? ಪಡಸಾಲೆಯಿಂದ ಕೇಳಿಸುತ್ತಿದೆ, ಅತ್ತೆ ಕೂಸಿನ ಜೊತೆ — “ನಿಮ್ಮವ್ವಗ ಹೊಲ್ಯಾಕ ಬರಂಗಿಲ್ಲ ನೋಡು. ನಾವ ಹೊಲಕೊಳ್ಳೋಣು.”

ನಿಮ್ಮವ್ವ.

ಆದರೂ ಉಚ್ಚಂಗೆಮ್ಮನ ಒಂದು ತುಂಡಾದರೂ ಕೌದಿಯಲ್ಲಿ ಇರಲೇಬೇಕು. ಈಗಲೇ ಹೋಗಿ ಅತ್ತೆಗೆ ಹೇಳುತ್ತೇನೆ, ಅವರು ಅದನ್ನೂ ಕಿತ್ತು ಹಾಕುವ ಮೊದಲು.