ಭಾವನವರೇ, ಅವರಿಗೆ ಎಲ್ಲ ಕೇಳಿಸುತ್ತಿದೆ

ಕಂಪಲಾಪುರ, ಶನಿವಾರ, ೧೯೫೬

ಹ್ಯಾಂಡ್‌ಪೋಸ್ಟ್ ಊರಿನ ಅಂಗಡಿಯಲ್ಲಿರುವ ಭಾವನವರಿಗೆ ನೀಲಾಂಬಿಕೆಯ ಶರಣು.

ಮದುವೆಯಾಗಿ ಹನ್ನೆರಡು ವರ್ಷವಾದರೂ ನಿಮ್ಮೆದುರು ನಿಂತು ಮಾತಾಡಿದವಳಲ್ಲ. ಬಾಗಿಲ ಮರೆಯಿಂದ 'ಹೂಂ' ಅಂದದ್ದಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದದೆ ಹರಿದು ಹಾಕಬೇಡಿ.

ನಿಮ್ಮ ತಮ್ಮನಿಗೆ ಲಕ್ವ ಹೊಡೆದು ಇಂದಿಗೆ ಹತ್ತೊಂಬತ್ತು ದಿನ. ಕೈಕಾಲು ಆಡುವುದಿಲ್ಲ, ಮಾತಿಲ್ಲ. ನೋಡಲು ಬಂದ ಡಾಕ್ಟರು ಜ್ಞಾನವೇ ಇಲ್ಲ ಎಂದರು. ಮೊನ್ನೆ ನೀವು ಅವರ ತಲೆದಿಂಬಿನ ಪಕ್ಕದಲ್ಲೇ ನಿಂತು, 'ಜೀವ ಆಗ್ಲೇ ವೊಂಟೋಗದೆ ಕಣವ್ವ, ಬರೀ ಉಸ್ರು ಉಳ್ಕಂಡದೆ. ಗಂಜಿ ಉಯ್ದು ಯಾಕೆ ಗೋಳಾಡಿಸ್ತೀಯೆ, ನಿಲ್ಸು. ತೋಟದಲ್ಲಿ ಗುಂಡಿ ತೆಗ್ಸಿವ್ನಿ. ಸೋಮವಾರ ಮಠದಯ್ನೋರ ಕರ್ಕಂಡು ಬತ್ತೀನಿ' ಎಂದಿರಿ. ಅದಕ್ಕೂ ನಾನು ಹೂಂ ಅಂದೆ. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು. ಎರಡು ದಿನ ಅವರ ಬಾಯಿಗೆ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ಕ್ಷೌರದ ಕುಳ್ಳಯ್ಯ ಬಂದ. ಅಯ್ಯನವರು ಬರುವ ಹೊತ್ತಿಗೆ ಮುಖ ಚೊಕ್ಕಟವಾಗಿರಲಿ ಎಂದು ನೀವೇ ಹೇಳಿಕಳಿಸಿದ್ದಿರಂತೆ. ಕತ್ತಿ ಗಂಟಲ ಹತ್ತಿರ ಹೋಗುತ್ತಲೇ ಅವನು ಕೈ ಹಿಂದಕ್ಕೆಳೆದುಕೊಂಡ. 'ಅವ್ವಾ, ಬುದ್ಯೋರು ಕತ್ತಿನೇ ನೋಡ್ತಾವ್ರೆ ಕಣ್ರವ್ವ!' ಎಂದು ಕೂಗಿದ.

ಓಡಿಬಂದು, 'ಕೇಳಿಸ್ತಿದ್ರೆ ಮೇಲಕ್ಕೆ ನೋಡಿ' ಎಂದೆ. ಕಣ್ಣು ಮೇಲಕ್ಕೆ ಹೋಯಿತು. 'ಇಲ್ಲ ಅನ್ನೋದಕ್ಕೆ ಕೆಳಕ್ಕೆ ನೋಡಿ' ಎಂದೆ. ಅದೂ ಆಯಿತು. ಅಯ್ಯೋ ಶಿವನೇ! ಇಷ್ಟು ದಿನವೂ ಎಚ್ಚರವಾಗಿಯೇ ಬಿದ್ದುಕೊಂಡು ನಮ್ಮ ಮಾತೆಲ್ಲ ಕೇಳಿದ್ದಾರೆ. ಗುಂಡಿಯ ಮಾತನ್ನೂ ಕೇಳಿದ್ದಾರೆ.

ನನಗೆ ಅವರೇ ಕಲಿಸಿದ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ. 'ಹ' ಎಂದಾಗ ಕಣ್ಣು ಮೇಲೆದ್ದಿತು. ಮತ್ತೆ ಮೊದಲಿಂದ ಹೇಳಿದೆ. 'ಸ' ಎಂದಾಗ ಎದ್ದಿತು. ಹಸಿವು. ಭಾವ, ನಿಮ್ಮ ತಮ್ಮನಿಗೆ ಹಸಿವಾಗಿತ್ತು. ಗಂಜಿಯ ತಿಳಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ಅರ್ಧ ಲೋಟ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಆ ಗುಂಡಿ ಮುಚ್ಚಿಸಿ. ಸೋಮವಾರ ಬರಬೇಡಿ. ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ. ಇದು ನನ್ನೊಬ್ಬಳ ಹಟವೆಂದು ತಿಳಿಯಬೇಡಿ.

ನೀವೂ ಕಣ್ಣಾರೆ ನೋಡಿ ಸಂತೋಷಪಡಲಿ ಎಂದು, ಊಟವಾದ ಮೇಲೆ, 'ಅಣ್ಣನ್ನ ಕರೆಸಲಾ?' ಎಂದು ಕೇಳಿದ್ದೆ. ಕಣ್ಣು ಕೆಳಗಿಳಿಯಿತು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಕಿವಿಯ ಹತ್ತಿರ ಬಾಗಿ ಮತ್ತೆ ಕೇಳಿದೆ. ಕೆಳಕ್ಕೇ ನೋಡಿದರು. ನಾನು ಎದ್ದು ಹೋಗಿ ಬಾಗಿಲ ಚಿಲಕ ಹಾಕುವವರೆಗೂ ಆ ಕಣ್ಣು ಮೇಲೇಳಲಿಲ್ಲ.

ಶಿವ ನಿಮ್ಮ ಕೈಕಾಲು, ಮಾತು ಗಟ್ಟಿಯಾಗಿಟ್ಟಿರಲಿ.

ನಿಮ್ಮ ತಮ್ಮನ ಹೆಂಡತಿ,
ನೀಲಾಂಬಿಕೆ