ಟ್ರೇಲರ್ ಮೇಲಿನ ದೋಣಿಗೆ ಬಣ್ಣ ಬೇಕೇ?

ಬೊರಿವಲಿ, ಭಾನುವಾರ

ಗೆಳೆಯ ಮುರಿಗೆಪ್ಪ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳು ನೀನು, ನಮ್ಮ ದೋಣಿಯ ತಳಕ್ಕೆ ಚಿಪ್ಪು ಹತ್ತದ ಬಣ್ಣ ಹೊಡೆಸೋಣ ಎಂದೆ. ನಾನು, “ಟ್ರೇಲರ್ ಮೇಲೆ ಕೂತಿರುವ ದೋಣಿಗೆ ಎಂಥ ಬಣ್ಣ ಮಾರಾಯಾ?” ಎಂದು ಮಾತು ಮುಗಿಸಿಬಿಟ್ಟೆ. “ಆತು ಬಿಡಪಾ ಶೆಟ್ಟಿ” ಎಂದವನು ಮತ್ತೆ ಫೋನ್ ಮಾಡಲೇ ಇಲ್ಲ.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಾರಕ್ಕೊಮ್ಮೆ ನಾಲ್ಕು ತಾಸು ನೀರಿಗಿಳಿದು, ಮೇಲೆ ಬಂದು ಸಿಹಿನೀರಲ್ಲಿ ತೊಳೆಸಿಕೊಂಡು ಒಣಗುವ ದೋಣಿಗೆ ಆ ಬಣ್ಣ ದಂಡ. ತಿಂಗಳುಗಟ್ಟಲೆ ಉಪ್ಪುನೀರಲ್ಲೇ ನಿಲ್ಲುವ ದೋಣಿಗೆ ಮಾತ್ರ ಅದು ಬೇಕು. ಒಂಬತ್ತು ವರ್ಷ ನಾವು ಬಣ್ಣವಿಲ್ಲದೆಯೇ ನಡೆಸಿದೆವು. ಗೊರಾಯಿ ದಡದ ಇಳಿಜಾರಿನಲ್ಲಿ ನಾನು ಜೀಪು ಹಿಂದಕ್ಕೆ ಬಿಟ್ಟರೆ, ನೀನು ಮೊಣಕಾಲುದ್ದ ನೀರಲ್ಲಿ ನಿಂತು ದೋಣಿ ತಳ್ಳುತ್ತಿದ್ದೆ. ಮಲ್ಪೆಯಲ್ಲಿ ಹುಟ್ಟಿದ ನನಗಿಂತ ವಿಜಯಪುರದ ನಿನಗೇ ನೀರಿನ ಹುಚ್ಚು. ಮೀನು ಬಾಯಿಗಿಡದವನು ಗಾಳ ಹಿಡಿದು ಕೂತು, ಸಿಕ್ಕಿದ್ದನ್ನೆಲ್ಲ ನನ್ನ ಚೀಲಕ್ಕೆ ಹಾಕುತ್ತಿದ್ದೆ.

ಈಗ ನಿನಗೆ ವಾರಕ್ಕೆ ಮೂರು ದಿನ ಕುರ್ಲಾದಲ್ಲಿ ಡಯಾಲಿಸಿಸ್. ಸೂಜಿ ಚುಚ್ಚುವ ಕೈಗೆ ಭಾರ ಬೀಳಕೂಡದು. ನನ್ನ ಸೊಂಟಕ್ಕೂ ಒಂಟಿಯಾಗಿ ತಳ್ಳುವ ತ್ರಾಣವಿಲ್ಲ. ದೋಣಿ ನೀರಲ್ಲೇ ಇದ್ದರೆ ಧಕ್ಕೆಯ ಕಟ್ಟೆಯಿಂದ ಒಂದು ಹೆಜ್ಜೆ ಇಟ್ಟು ನೀನು ಕೂರಬಹುದು. ನೀನು ಬಣ್ಣದ ಮಾತು ತೆಗೆದದ್ದು ಅದಕ್ಕೇ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ತಿಳಿಯದವನಂತೆ ಆಡಿದೆ. ನೀರಿನ ಮೇಲೆ ನಿನಗೇನಾದರೂ ಆದರೆ ನಿನ್ನ ಹೆಂಡತಿಗೆ, ನಾಗವ್ವನಿಗೆ ಹೇಗೆ ಮುಖ ತೋರಿಸಲಿ ಎಂಬ ಭಯವಿತ್ತು. ಅದಕ್ಕಿಂತ ದೊಡ್ಡದು ದಣಿವು. ಕೈಹಿಡಿದ ಮೋಹಿನಿಯ ಜತೆ ಎರಡು ವರ್ಷ ಆಸ್ಪತ್ರೆಗೆ ಅಲೆದು, ಕೊನೆಗೆ ಅವಳನ್ನು ಅಲ್ಲೇ ಕಳೆದುಕೊಂಡು ಬಂದವನು ನಾನು. ಇನ್ನೊಬ್ಬರ ಕಾಯಿಲೆಯ ಪಕ್ಕ ಕೂರುವಷ್ಟು ಜೀವ ನನ್ನಲ್ಲಿ ಉಳಿದಿಲ್ಲ ಅನಿಸಿತ್ತು.

ಹೋದ ವಾರ ನಾಗವ್ವ ಫೋನ್ ಮಾಡಿದಳು. “ಅಣ್ಣಾರ, ಡಾಕ್ಟರು ಒಂದೆರಡು ತಾಸು ದೋಣ್ಯಾಗ ಹೋಗಿ ಬರ್ರಿ ಅಂದಾರ. ಇವರು ಮಾತ್ರ, ಶೆಟ್ಟಿಗೆ ಬ್ಯಾಸರ ಆಗೇತಿ ಅಂತ ಗ್ವಾಡಿ ನೋಡ್ಕೋತ ಕುಂತಾರ. ಬ್ಯಾಡ ಅನ್ನೂದಿದ್ರ ನೀವ ಬಂದು ಹೇಳ್ರಿ.” ಬಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ದೋಣಿಯನ್ನು ಗೊರಾಯಿಯಲ್ಲಿ ದೋಣಿ ರಿಪೇರಿ ಮಾಡುವ ನೀಲಾಬಾಯಿಯ ಶೆಡ್ಡಿಗೆ ಎಳೆದೊಯ್ದೆ. ಅವಳು ತಳವನ್ನು ಕೈಯಲ್ಲಿ ಸವರಿ, “ಪಾಣ್ಯಾತ್ ಠೇವ್ಣಾರ್ ಕಾಯ್?” ಎಂದಳು. ನೀರಲ್ಲೇ ಬಿಡುತ್ತೀರಾ ಎಂದು ಕೇಳಿದ್ದು ಅಷ್ಟೇ. “ಹೋ” ಎಂದು ಒಪ್ಪಿಕೊಂಡೆ. ಬಣ್ಣ ಮುಂದಿನ ಮಳೆಗಾಲದವರೆಗಷ್ಟೇ ಬಾಳುತ್ತದಂತೆ, ಆಮೇಲೆ ಮತ್ತೆ ಹೊಡೆಸಬೇಕಂತೆ. ಮುಂದಿನ ವರ್ಷವೂ ಇಳಿಸುತ್ತೀರಾ ಎಂದು ಕೇಳಿದಳು. ಎರಡು ಕೈ ಬಣ್ಣ ಹೊಡೆಯಿರಿ ಎಂದೆ.

ನಿನ್ನೆ ದೋಣಿಯನ್ನು ನೀರಿಗೆ ಬಿಟ್ಟಾಯಿತು. ಗುರುವಾರ ನಿನಗೆ ಕುರ್ಲಾ ಇಲ್ಲ, ಬೆಳಿಗ್ಗೆ ನೀರೇರುವ ಭರತವೂ ಚೆನ್ನಾಗಿದೆ. ಏಳಕ್ಕೆ ಚೆಂಬೂರಿಗೆ ನಿನ್ನ ಮನೆಗೆ ಬರುತ್ತೇನೆ. ಡಾಕ್ಟರು ಅಳೆದುಕೊಟ್ಟಷ್ಟೇ ನೀರು ಬಾಟಲಿಯಲ್ಲಿ ತಾ. ಆಯಾಸವಾದರೆ ಮುಚ್ಚಿಡಬೇಡ, ದೋಣಿ ತಿರುಗಿಸೋಣ. ನನಗಾದರೆ ನಾನೂ ಹೇಳುತ್ತೇನೆ.

ಗುರುವಾರದವರೆಗೆ ನಿನ್ನ ಕೈ ನೋಯದಿರಲಿ.

ನಿನ್ನ,
ತಿಲಕ್ ಶೆಟ್ಟಿ