ಇಳಿಜಾರಿನಲ್ಲಿ ನಮ್ಮ ಜೊತೆ ಕುಳಿತ ವಕೀಲರಿಗೆ

ಬುಕ್ಕಸಾಗರ
ಭಾನುವಾರ

ಹಂಪಕ್ಕನವರಿಗೆ,

ಹೊಸಪೇಟೆ ಕೋರ್ಟಿನ ಎದುರಿನ ಡಿಟಿಪಿ ಅಂಗಡಿಯ ತುಳಸಿಯ ಜೈಭೀಮ್.

ಎದುರಿಗೆ ನಿಂತು ಹೊಗಳಿದರೆ ನೀವು ಕೇಳುವವರಲ್ಲ. ಮೊನ್ನೆ ಬಾಯಿ ತೆರೆದದ್ದಕ್ಕೇ "ಏ ಹೋಗವ್ವಾ, ಹೊಗಳಾಕ ನಾನೇನು ಸತ್ತೇನೇನು?" ಎಂದು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಸಂಡೂರಿನ ಕೋರ್ಟಿನಲ್ಲಿ ಮತ್ತೆ ಭೇಟಿಯಾಗುತ್ತೇವೆ. ಅಷ್ಟರೊಳಗೆ ಮನಸ್ಸಿನಲ್ಲಿರುವುದನ್ನು ಹೇಳಿ ಮುಗಿಸಬೇಕು.

ನಿಮ್ಮನ್ನು ನಾನು ಮೊದಲು ಗೌರವಿಸಿದವಳೇ ಅಲ್ಲ. ಹೊಸಪೇಟೆಯ ವಕೀಲರು ನಿಮ್ಮನ್ನು 'ಫೈನಮ್ಮ' ಎಂದು ಕರೆಯುವುದನ್ನು ಕೇಳಿದ್ದೆ. ಹೆಲ್ಮೆಟ್ಟು, ಸಿಗ್ನಲ್ಲು, ಓವರ್‌ಸ್ಪೀಡು, ಇವೇ ನಿಮ್ಮ ಕೇಸುಗಳು. ನಾನೋ, ಅಂಗಡಿಗೆ ಅಚ್ಚಿಗೆ ಬಂದ ಕರಪತ್ರಗಳನ್ನು ಟೈಪು ಮಾಡುತ್ತಾ ಮಾಡುತ್ತಾ ಓದು ಕಲಿತವಳು. ಕಾರ್ಮಿಕ ಸಂಘದ್ದು, ಗಣಿ ವಿರೋಧಿ ಹೋರಾಟದ್ದು, ಬುದ್ಧ ಪೂರ್ಣಿಮೆಯ ದಿನ ಹಂಚುವುದು, ಎಲ್ಲದರದೂ ಒಂದೊಂದು ಪ್ರತಿ ಮನೆಗೆ ಒಯ್ದು ಬಾಯಿಪಾಠ ಮಾಡುತ್ತಿದ್ದೆ. ಕಾನೂನೆಂದರೆ ಉಳ್ಳವರು ತಮ್ಮ ಹೊಲಕ್ಕೆ ಹಾಕಿಕೊಂಡ ಬೇಲಿ ಎಂದು ನಂಬಿದ್ದೆ. ಆ ಬೇಲಿಯ ಹತ್ತಿರ ಕುಳಿತು ದಂಡದ ರಸೀದಿಗಳನ್ನು ಬಿಡಿಸುವ ನಿಮ್ಮನ್ನು ಕಂಡರೆ ಮರುಕ ಬರುತ್ತಿತ್ತು. "ದೊಡ್ಡ ಕೇಸು ಹಿಡೀರಿ ಅಕ್ಕಾ" ಎಂದು ಒಮ್ಮೆ ಹೇಳಿಯೂ ಬಿಟ್ಟೆ. ನೀವು ಸಿಟ್ಟಾಗಲಿಲ್ಲ. "ದೊಡ್ಡ ಕೇಸಿನವ್ರು ಭಾಳ ಮಂದಿ ಅದಾರ. ಲೈಸನ್ಸ್ ಹೋದ ಡ್ರೈವರನ ಮನಿಯಾಗ ಒಂದಿನ ಕುಂತು ನೋಡಿಯೇನು?" ಎಂದಿರಿ. ಆಗ ನನಗೆ ಅರ್ಥವಾಗಲಿಲ್ಲ.

ಆಮೇಲೆ ಅದು ನಮ್ಮ ಮನೆಗೇ ಬಂತು. ನನ್ನ ಅಣ್ಣ ಹೊನ್ನೂರುಸ್ವಾಮಿ ಸಂಡೂರಿನ ಗಣಿಯಿಂದ ರೈಲ್ವೆ ಯಾರ್ಡಿಗೆ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ಗುಡ್ಡದ ಇಳಿಜಾರಿನಲ್ಲಿ ಕ್ಯಾಮೆರಾ ವಾಹನ ಅವನನ್ನು ಹಿಡಿದಿತ್ತು. ನಲವತ್ತರ ಮಿತಿಯ ರಸ್ತೆಯಲ್ಲಿ ಅರವತ್ತೆಂಟು. ಅತಿವೇಗದ ಜೊತೆಗೆ ಅಪಾಯಕಾರಿ ಚಾಲನೆ ಎಂಬ ಆರೋಪವೂ ಇತ್ತು. ಲೈಸನ್ಸ್ ಅಮಾನತು ಮಾಡಬೇಕೆಂಬ ಶಿಫಾರಸೂ ಇತ್ತು. ನಮ್ಮಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆ ಲೈಸನ್ಸ್ ಒಂದೇ ಅವನು ಪಡೆದ ಪದವಿ. ಅದು ಹೋದರೆ ಅವನ ಕೈಗೆ ಬೇರೆ ಕೆಲಸ ಗೊತ್ತಿಲ್ಲ. ನಮ್ಮವ್ವ ವಿರುಪಮ್ಮ ಆ ಸುದ್ದಿ ಕೇಳಿ, ಅಣ್ಣನೇ ಆಸ್ಪತ್ರೆ ಸೇರಿದನೇನೋ ಎಂಬಂತೆ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಅಣ್ಣ ಮಾತ್ರ ಒಂದೇ ಹಟ ಹಿಡಿದಿದ್ದ. ಲೋಡಿನ ಗಾಡಿಯನ್ನು ಅಲ್ಲಿ ನಾಲ್ಕನೇ ಗೇರಿನಲ್ಲಿ ಇಳಿಸುತ್ತೇನೆ, ಆ ಗೇರಿನಲ್ಲಿ ಅರವತ್ತೆಂಟು ಹೋಗಲು ಸಾಧ್ಯವೇ ಇಲ್ಲ, ಯಂತ್ರವೇ ಸುಳ್ಳು ಹೇಳಿದೆ. ನನಗೆ ಅಷ್ಟೇ ಸಾಕಾಗಿತ್ತು. ಕೇಸನ್ನು ನಿಮ್ಮ ಕೈಗೆ ಕೊಟ್ಟು, ನಿಮ್ಮ ಪರವಾಗಿ ನಾನೇ ತಕರಾರು ಅರ್ಜಿ ಟೈಪು ಮಾಡಿಟ್ಟೆ. 'ಬಂಡವಾಳಶಾಹಿಯ ಕಣ್ಣಾದ ಈ ಯಂತ್ರವು' ಎಂದು ಶುರುವಾಗುತ್ತಿತ್ತು. ನೀವು ಕನ್ನಡಕ ಏರಿಸಿ ಓದಿದಿರಿ. ಪೆನ್ನು ತೆಗೆದು 'ಬಂಡವಾಳಶಾಹಿಯ ಕಣ್ಣಾದ' ಎಂಬುದನ್ನು ಹೊಡೆದುಹಾಕಿದಿರಿ. ಇನ್ನೂ ನಾಲ್ಕು ಸಾಲು ಹೊಡೆದಿರಿ. ಉಳಿದದ್ದು ಅಣ್ಣನ ಹೆಸರು, ಗಾಡಿಯ ನಂಬರು. "ಇಷ್ಟು ನಮಗ ಗೊತ್ತೈತಿ. ಉಳಿದದ್ದು ನಾಳೆ ಗಾಡ್ಯಾಗ ಕುಂತು ನೋಡೋಣು" ಎಂದಿರಿ.

ಸೀರೆ ಉಟ್ಟ ವಕೀಲರೊಬ್ಬರು ಟಿಪ್ಪರಿನ ಕ್ಯಾಬಿನ್ ಹತ್ತುವುದನ್ನು ನಾನು ಯಾವ ಕರಪತ್ರದಲ್ಲಿಯೂ ಓದಿರಲಿಲ್ಲ. ಮೆಟ್ಟಿಲು ನಿಮ್ಮ ಎದೆಯ ಎತ್ತರಕ್ಕಿತ್ತು. ಮೊಣಕಾಲು ನೋವಿನಿಂದ ಎರಡು ಸಲ ಜಾರಿದಿರಿ. ಕೊನೆಗೆ ನಾನು ಕೆಳಗಿನಿಂದ ದೂಡಿ, ಅಣ್ಣ ಮೇಲಿನಿಂದ ಎಳೆದು, ಅಂತೂ ಸೀಟಿನಲ್ಲಿ ಕುಳಿತಾಗ ಕರಿಕೋಟು ಆಗಲೇ ಅದಿರಿನ ಧೂಳಿಗೆ ಕೆಂಪಾಗಿತ್ತು.

"ಯಾರಾರ ಕೇಳಿದ್ರ ನಮ್ಮ ದೊಡ್ಡವ್ವ ಅಂತೀನ್ರಿ ಮೇಡಮ್ಮೋರ" ಎಂದ ಅಣ್ಣ.

"ದೊಡ್ಡವ್ವ ಯಾಕಲೇ? ಅಕ್ಕ ಅನ್ನು. ಅಷ್ಟು ಮುದುಕಿ ಕಂಡ್ನೇನು ನಿನಗ?"

ನೀವು ಅವನನ್ನು ನಗಿಸಿದಿರಿ. ನೋಟೀಸು ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಗಣಿಯ ಗೇಟಿನ ಹತ್ತಿರ ನಾವಿಬ್ಬರೂ ಇಳಿದು ಹೊರಗೆ ಕಾದೆವು. ಲೋಡಾಗಿ ಬಂದ ಮೇಲೆ ಮತ್ತೆ ಹತ್ತಿದೆವು. ಗುಡ್ಡದ ತಿರುವು ದಾಟಿ ಇಳಿಜಾರು ಶುರುವಾಯಿತು. ಅಲ್ಲಿಯವರೆಗೆ ಗುರುಗುಟ್ಟುತ್ತಿದ್ದ ಇಂಜಿನ್ನು ಒಮ್ಮೆಲೇ ಮೆತ್ತಗಾಯಿತು. ಗಾಳಿಯ ಸದ್ದು ಮಾತ್ರ ಏರುತ್ತಾ ಹೋಯಿತು. ನೀವು ಮುಂದೆ ನೋಡುತ್ತಲೇ, ಬಿಸಿಲು ಜೋರಾಯಿತೆಂದು ಹೇಳುವಷ್ಟು ಸಾದಾ ದನಿಯಲ್ಲಿ ಕೇಳಿದಿರಿ.

"ತಮ್ಮಾ, ಈಗ ಯಾವ ಗೇರಿನ್ಯಾಗ ಅದಿ?"

"ನಾಕರಾಗ್ರಿ ಅಕ್ಕಾ."

"ಒಮ್ಮಿ ಕೈ ನೋಡ್ಕೋ."

ಅಣ್ಣ ತನ್ನ ಎಡಗೈಯನ್ನು ನೋಡಿದ. ಗಾಡಿ ಯಾವ ಗೇರಿನಲ್ಲಿಯೂ ಇಲ್ಲದೆ ನ್ಯೂಟ್ರಲ್ಲಿನಲ್ಲಿ ತಾನೇ ಉರುಳುತ್ತಿತ್ತು. ಅವನ ಮುಖ ಬಿಳಿಚಿಕೊಂಡದ್ದು ಕೆಂಪು ಧೂಳಿನ ಕೆಳಗೂ ಕಂಡಿತು. ಬ್ರೇಕು ಒತ್ತಿ, ಮೆಲ್ಲಗೆ ಗೇರಿಗೆ ತಂದು, ಬದಿಗೆ ನಿಲ್ಲಿಸಿದ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು "ನನ್ನಾಣೆ ನನಗ ಗೊತ್ತಾಗ್ಲಿಲ್ರಿ. ಕೈ ತಾನ ಹೋಗೇತಿ" ಎಂದ. ಟ್ರಿಪ್ಪಿಗಿಷ್ಟು ಎಂದು ಗಾಡಿಯ ಮಾಲೀಕ ಸಾವುಕಾರರು ಡೀಸೆಲ್ ಅಳೆದು ಹಾಕುತ್ತಾರೆ. ಕಮ್ಮಿ ಬಿದ್ದರೆ ಡ್ರೈವರಿನ ತಲೆಯ ಮೇಲೆ. ಅದಕ್ಕೆ ಇಳಿಜಾರು ಕಂಡ ಕೂಡಲೇ ನ್ಯೂಟ್ರಲ್ ಹೊಡೆಯುವುದು ಆ ರಸ್ತೆಯ ಡ್ರೈವರುಗಳ ರೂಢಿ. ವರ್ಷಗಟ್ಟಲೆ ಮಾಡಿದ್ದು ಅವನ ಕೈಗೆ ಗೊತ್ತಿತ್ತು, ತಲೆಗೆ ಮರೆತುಹೋಗಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ.

ಕೇಸು ಅಲ್ಲಿಗೆ ಮುಗಿಯಿತೆಂದುಕೊಂಡೆ. ನೀವೂ ಹಾಗೆಯೇ ಅಂದುಕೊಂಡಿರಬಹುದು ಎಂದು ನಿಮ್ಮ ಕಡೆ ನೋಡಿದೆ. ನೀವು ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೂವರಿಗೂ ಹಂಚುತ್ತಿದ್ದಿರಿ. "ಸುಳ್ಳು ಬಿದ್ದು ಹೋತು, ಚಲೋ ಆತು. ಇನ್ನ ಖರೇದ ಮ್ಯಾಲೆ ಕೇಸು ಕಟ್ಟೋಣು" ಎಂದಿರಿ. ಹಂಪಕ್ಕಾ, ನಿಮ್ಮ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಕೋರ್ಟಿನಲ್ಲಿ ಅಲ್ಲ, ಆ ರೊಟ್ಟಿಯ ಹೊತ್ತಿನಲ್ಲಿ.

ಆ ದಿನವೆಲ್ಲ ಗಣಿಯ ಗೇಟು ಬಿಟ್ಟರೆ ಎಲ್ಲಿಯೂ ಇಳಿಯಲಿಲ್ಲ ನೀವು. ಮಿತಿಯೊಳಗಿನ ವೇಗದಲ್ಲಿ, ಗೇರಿನಲ್ಲಿಯೇ ಇಳಿಸಿಕೊಂಡು, ತೂಕದ ಕಾಟಾದ ಸಾಲಿನಲ್ಲಿ ಕಾದು, ಖಾಲಿ ಮಾಡಿ, ಮತ್ತೆ ಗುಡ್ಡ ಹತ್ತಿ, ಹೊತ್ತು ಮುಳುಗುವುದರೊಳಗೆ ಆದದ್ದು ನಾಲ್ಕು ಟ್ರಿಪ್ಪು. ಸಾವುಕಾರರು ಕೇಳುತ್ತಿದ್ದದ್ದು ಆರು. ಕ್ಯಾಮೆರಾ ಹಿಡಿದ ದಿನ ಅವರು ಕಳಿಸಿದ್ದ ದನಿಯೇ ಅಣ್ಣನ ಫೋನಿನಲ್ಲಿತ್ತು: "ಲೇ ಹೊನ್ನೂರಾ, ಇವತ್ತು ಆರು ಆಗ್ಬೇಕು. ಆಗ್ಲಿಲ್ಲಾ, ಕೀಲಿ ಕೊಟ್ಟು ಮನಿಗೆ ನಡಿ." ನೀವು ಅದನ್ನು ಎರಡು ಸಲ ಕೇಳಿದಿರಿ. ಆಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ಮಾತಿದೆ ಎಂದು ತಿಳಿಸಿದಿರಿ. ಮಿತಿ ಮೀರದೆ ಮುಗಿಸಲಾಗದ ಕೆಲಸವನ್ನು ಇಷ್ಟು ಹೊತ್ತಿನಲ್ಲಿ ಮುಗಿಸೆಂದು ಹೇಳಿದವನೂ ಅತಿವೇಗದ ಆರೋಪಿಯೇ. ಉಳ್ಳವರು ಹಾಕಿಕೊಂಡದ್ದೆಂದು ನಾನು ಬೈಯುತ್ತಿದ್ದ ಬೇಲಿಯಲ್ಲಿ ಇಂಥದೊಂದು ಗೇಟಿತ್ತು. ನಾನು ಬೈದೆನೇ ಹೊರತು ಅದರ ಸುತ್ತ ಒಮ್ಮೆಯೂ ನಡೆದು ನೋಡಿರಲಿಲ್ಲ.

ನನಗೆ ಹುಚ್ಚು ಖುಷಿಯಾಯಿತು. ವಿಚಾರಣೆಯ ದಿನ ಕೋರ್ಟಿನ ಬಾಗಿಲಲ್ಲಿ ಹಂಚಲು ಕರಪತ್ರ ಅಚ್ಚು ಹಾಕಿಸಿದೆ. ನಿಮಗೆ ಮೊದಲ ಪ್ರತಿ ಕೊಟ್ಟೆ. ಚಹಾ ಆರುವ ತನಕ ಓದಿದಿರಿ.

"ಚಂದ ಬರದೀ. ಆದ್ರ ಇದರಾಗ ನಿಮ್ಮಣ್ಣ ಎಲ್ಲಿ ಅದಾನ? ಕಾರ್ಮಿಕ ವರ್ಗ ಐತಿ, ಶೋಷಣೆ ಐತಿ, ಹೊನ್ನೂರುಸ್ವಾಮಿ ಕಾಣವಲ್ಲ."

"ಅವನ ಸಲುವಾಗೇ ಬರದೀನಲ್ರಿ ಅಕ್ಕಾ!"

"ಅವನ್ನ ಕೇಳಿಯೇನು? ಸಾವುಕಾರನ ಹೆಸರು ಹೇಳಿದ್ರ ಸಂಡೂರಾಗ ಇನ್ನ ಯಾರೂ ಅವನ ಕೈಗೆ ಕೀಲಿ ಕೊಡೂದಿಲ್ಲ. ಹೇಳಬೇಕೋ ಬ್ಯಾಡೋ ಅವನೇ ನಿರ್ಧಾರ ಮಾಡ್ಲಿ. ಹಸಿವಿ ಅವಂದು, ತುಳಸಿ. ನಿನ್ನ ಕರಪತ್ರದ್ದಲ್ಲ."

ನಾನು ಜಗಳವಾಡಿದೆ. ನಿಮ್ಮನ್ನು ಅಂಜುಬುರುಕಿ ಎಂದೆ. ನೀವು ಚಹಾದ ಲೋಟ ತೊಳೆದಿಟ್ಟು ಹೋದಿರಿ. ಮನೆಯಲ್ಲಿ ಅಣ್ಣನನ್ನು ಕೇಳಿದೆ. ಅವನು ಗೊತ್ತಿಲ್ಲ ಎಂದ. ಗೊತ್ತಿಲ್ಲ ಎನ್ನುವವನ ಹೆಸರಿನಲ್ಲಿ ಘೋಷಣೆ ಕೂಗುವುದು ಹೇಗೆಂದು ಯಾವ ಕರಪತ್ರವೂ ನನಗೆ ಕಲಿಸಿರಲಿಲ್ಲ. ಕಟ್ಟು ಬಿಚ್ಚದೆ ಅಂಗಡಿಯಲ್ಲಿಯೇ ಇಟ್ಟೆ.

ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ಸಾವುಕಾರರ ಮ್ಯಾನೇಜರು ಬಂದು ಕುಳಿತಿದ್ದ. ಅವನನ್ನು ಕಂಡು ಅಣ್ಣ ಅತ್ತ ಬೆನ್ನು ಮಾಡಿ ನಿಂತ. ಅಪಾಯಕಾರಿ ಚಾಲನೆಯ ಆರೋಪದ ಮೇಲೆ ನೀವು ಮಾತಾಡಿದ್ದು ಸ್ವಲ್ಪವೇ. ಫೋಟೋದಲ್ಲಿ ರಸ್ತೆ ಖಾಲಿಯಿದೆ, ಅಪಾಯಕ್ಕೆ ಒಳಗಾದವರು ಇಂಥವರೆಂದು ಎಲ್ಲಿಯೂ ಬರೆದಿಲ್ಲ, ಇದು ಮೊದಲನೆಯ ತಪ್ಪು. ದನಿ ಏರಿಸಲಿಲ್ಲ. ನ್ಯಾಯಾಧೀಶರು ಅಣ್ಣನನ್ನೇ ನೇರವಾಗಿ ಕೇಳಿದರು.

"ವೇಗವಾಗಿ ಹೋಗಿದ್ದು ನಿಜವೇನಪ್ಪ?"

"ಖರೇರಿ ಸ್ವಾಮಿ. ನ್ಯೂಟ್ರಲ್ ಹೊಡ್ದಿದ್ದೆ."

ಕೋರ್ಟಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಒಬ್ಬ ವಕೀಲ "ಫೈನಮ್ಮನ ಕಕ್ಷಿದಾರ ತಾನ ಫೈನ್ ಬರ್ಕೊಂಡ ನೋಡ್ರಿ" ಎಂದು ಪಕ್ಕದವನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಯಾಕೆ ಹಾಗೆ ಮಾಡಿದೆ?"

ಅಣ್ಣ ನಿಮ್ಮ ಕಡೆ ತಿರುಗಿದ. ನಾನೂ ತಿರುಗಿದೆ. ನೀವು ಹೂಂ ಎಂದು ತಲೆಯಾಡಿಸಿದ್ದರೆ ಸಾಕು, ಅವನು ಹೇಳಿಬಿಡುತ್ತಿದ್ದ. ಕಣ್ಣು ಸನ್ನೆ ಮಾಡಿದ್ದರೆ ಸುಮ್ಮನಾಗುತ್ತಿದ್ದ. ನೀವು ಎರಡನ್ನೂ ಮಾಡದೆ ಕಾಗದಗಳ ಕಡೆ ನೋಡುತ್ತಾ ಕುಳಿತಿರಿ. ಅಣ್ಣ ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಎಲ್ಲರಿಗೂ ಕೇಳುವಂತೆ, ಆರು ಟ್ರಿಪ್ಪಿನ ಮಾತು ಹೇಳಿದ. ಡೀಸೆಲ್ಲಿನ ಮಾತು ಹೇಳಿದ. ಸಾವುಕಾರರ ಹೆಸರು ಹೇಳಿದ. ನಾನು ಬರೆದ ಯಾವ ವಾಕ್ಯವೂ ಅದರಲ್ಲಿ ಇರಲಿಲ್ಲ. ಒಂದು ಬೈಗುಳವೂ ಇರಲಿಲ್ಲ. ಅದಾದ ಮೇಲೆ ನೀವು ಎದ್ದು, ನಾಲ್ಕು ಟ್ರಿಪ್ಪಿನ ಆ ದಿನದ ಲೆಕ್ಕವನ್ನೂ ಫೋನಿನ ದನಿಯನ್ನೂ ಕೋರ್ಟಿನ ಮುಂದಿಟ್ಟಿರಿ.

ಅತಿವೇಗಕ್ಕೆ ದಂಡ ಬಿತ್ತು. ಅಪಾಯಕಾರಿ ಚಾಲನೆಯ ಆರೋಪ ಬಿದ್ದುಹೋಯಿತು. ಲೈಸನ್ಸ್ ಉಳಿಯಿತು. ಸಾವುಕಾರರಿಗೆ ಸಮನ್ಸ್ ಹೊರಟಿತು. ನಾನು ಗೆದ್ದೆವೆಂದು ಅಂಗಳದಲ್ಲಿ ಕೂಗಿಕೊಂಡೆ. "ಗೆದ್ದಿಲ್ಲವ್ವಾ, ಉಳಿದೀವಿ" ಎಂದಿರಿ. ಅಣ್ಣ ನಿಮ್ಮ ಕಾಲು ಮುಟ್ಟಲು ಬಗ್ಗಿದಾಗ ಅವನ ರಟ್ಟೆ ಹಿಡಿದು ನಿಲ್ಲಿಸಿ, "ಕೋರ್ಟು ನಿನ್ನ ಬಿಟ್ಟೈತಿ, ನಾನು ಬಿಟ್ಟಿಲ್ಲ. ಆ ಇಳಿಜಾರಿನ್ಯಾಗ ಶಾಲಿ ಹುಡುಗ್ರು ದಾಟ್ತಾವ. ಇನ್ನೊಮ್ಮಿ ನ್ಯೂಟ್ರಲ್ ಹೊಡ್ದಿ ಅಂದ್ರ ಎದುರು ಪಾರ್ಟಿ ವಕೀಲಕಿ ನಾನ ಆಗ್ತೀನಿ" ಎಂದಿರಿ. ತನ್ನ ಕಕ್ಷಿದಾರನನ್ನು ಉಳಿಸಿದ ಗಳಿಗೆಯಲ್ಲಿಯೇ ಅವನನ್ನು ಹೀಗೆ ಬೈಯುವ ವಕೀಲರು ಎಷ್ಟು ಜನ ಇದ್ದಾರು?

ನೀವು ಹೇಳಿದಂತೆಯೇ ಆಯಿತು. ಅಂದು ಸಂಜೆಯೇ ಟಿಪ್ಪರಿನ ಕೀಲಿ ಕಸಿದುಕೊಂಡರು. ಸಂಡೂರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನ ಗೆಳೆಯ ದುರುಗೇಶ್ ಅದೇ ಸಾವುಕಾರರ ಗಾಡಿ ಓಡಿಸುತ್ತಾನೆ. ಸಾವುಕಾರರ ಮೇಲಿನ ಕೇಸಿನಲ್ಲಿ ಅವನನ್ನೂ ಸಾಕ್ಷಿಗೆ ಕರೆದೆವು. "ನನ್ನ ಹೆಸರು ಬ್ಯಾಡ ತಂಗಿ" ಎಂದು ತಲೆ ತಗ್ಗಿಸಿ ಹೋದ. ಮೊದಲಿನ ನಾನಾಗಿದ್ದರೆ ಅವನ ಬೆನ್ನಿಗೆ ಹೇಡಿ ಎಂದು ಕೂಗುತ್ತಿದ್ದೆ. ಈ ಸಲ ಅವನ ಮಕ್ಕಳ ಓದು ಹೇಗೆ ನಡೆದಿದೆ ಎಂದು ವಿಚಾರಿಸಿ ಕಳಿಸಿದೆ. ಇದನ್ನು ನಿಮ್ಮಿಂದ ಕಲಿತೆ ಎಂದರೆ ನೀವು ಒಪ್ಪುವುದಿಲ್ಲ. ಆದರೂ ಹೇಳುತ್ತೇನೆ.

ಅಣ್ಣ ಈಗ ಕಂಪ್ಲಿಯಲ್ಲಿ ಭತ್ತದ ಲಾರಿ ಓಡಿಸುತ್ತಾನೆ. ರೈಸ್ ಮಿಲ್ಲಿನ ಮಾಲೀಕರು ಅವನ ಕೋರ್ಟಿನ ಕಥೆ ಗೊತ್ತಿಲ್ಲದೆ ಕೆಲಸ ಕೊಟ್ಟವರು. ನಾಳೆಯ ಸಾಕ್ಷಿಗೆ ಅವನೊಬ್ಬನೇ ಬರಬೇಕು. ರಜೆಗೆ ಏನು ಹೇಳುತ್ತಾನೋ ಎಂದು ನಮಗೆ ಹೆದರಿಕೆಯಿತ್ತು. ಜ್ವರ ಎನ್ನು, ನಮ್ಮ ಕಡೆ ಯಾರೋ ತೀರಿಕೊಂಡರೆನ್ನು ಎಂದು ಅವ್ವ ಹೇಳಿಕೊಟ್ಟಿದ್ದಳು. ನಿನ್ನೆ ಅವನಿಗೆ ಊಟ ಒಯ್ದಿದ್ದೆ. ನನ್ನೆದುರಿಗೇ ಮಾಲೀಕರ ಬಳಿ ಹೋಗಿ ನಿಂತ.

"ಸೋಮವಾರ ರಜಾ ಬೇಕ್ರಿ. ಹಳೆ ಸಾವುಕಾರ್ರ ಮ್ಯಾಲೆ ಕೋರ್ಟಿನ್ಯಾಗ ಸಾಕ್ಷಿ ಹೇಳದೈತಿ."

ಮಾಲೀಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಭತ್ತದ ಚೀಲ ಹೊರುತ್ತಿದ್ದ ಹಮಾಲರೂ ನಿಂತು ನೋಡಿದರು. "ಹಂಗೇನು? ನಮ್ಮ ಮ್ಯಾಲೆ ಏನೂ ಇಲ್ಲಲ್ಲಪಾ?" ಎಂದರು.

ನಮ್ಮಣ್ಣ ಒಂದು ಗಳಿಗೆ ಯೋಚಿಸಿ ಹೇಳಿದ: "ಇನ್ನೂತನಕ ಇಲ್ರಿ."

ರಜೆ ಸಿಕ್ಕಿದೆ. ನಾಳೆ ಮೊದಲ ಬಸ್ಸಿಗೆ ಬರುತ್ತೇವೆ.

ಸರ್ವರಿಗೂ ಮಂಗಳವಾಗಲಿ ಎಂದು ನಮ್ಮ ಬುದ್ಧ ವಿಹಾರದಲ್ಲಿ ದಿನವೂ ಹೇಳುತ್ತೇವೆ. ಇವತ್ತು ಅವ್ವ ನಿಮ್ಮ ಹೆಸರು ಹಿಡಿದು ಹೇಳಿದಳು. ನಿಮ್ಮ ಮೊಣಕಾಲಿನ ನೋವು ಇಳಿಯಲಿ, ದನಿ ಹೀಗೆಯೇ ತಣ್ಣಗಿರಲಿ, ಸಣ್ಣ ಕೇಸುಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತಲೇ ಇರಲಿ.

ನಿಮ್ಮೊಡನೆ ಇನ್ನೂ ಬೇಕಾದಷ್ಟು ಜಗಳವಾಡಲಿರುವ,
ಹೊನ್ನೂರುಸ್ವಾಮಿಯ ತಂಗಿ
ತುಳಸಿ